ಈಜಿಪ್ಟಿನಿಂದ ಇಟಲಿಗೆ ವಲಸೆ ಹೋದವರಿಗೆ ಕೆಲಸ ಸಿಕ್ಕರೂ ನೆಲೆ ನಿಲ್ಲುವುದು ಯಾಕೆ ಕಷ್ಟ?

ಮಿಲಾನಿನಲ್ಲಿ ಕೆಲಸ ಹುಡುಕಿಕೊಳ್ಳುವುದು ಅವರಿಗೆ ಅಷ್ಟು ಕಷ್ಟವಲ್ಲ, ಊರಿನವರು ಮೊದಲೇ ಅಲ್ಲಿರುತ್ತಾರೆ. ಫಯೂಮ್ ಪ್ರಾಂತ್ಯದ ತತೂನ್ ಎಂಬ ಒಂದೇ ಊರಿನಿಂದ ಹೋದ ಎಷ್ಟೋ ಮಂದಿ ಅಲ್ಲಿ ಕಟ್ಟಡ ಕೆಲಸ, ಪಿಜ್ಜಾ ಒಲೆಯ ಕೆಲಸ ಹಿಡಿದಿದ್ದಾರೆ. ಸಿಕ್ಕಿಹಾಕಿಕೊಳ್ಳುವುದು ಕಾಗದಪತ್ರದಲ್ಲಿ, ಅದರಲ್ಲೂ ಹೆಸರಿನಲ್ಲಿ.

ಈಜಿಪ್ಟಿನಲ್ಲಿ ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಸಾಲಾಗಿ ಬರುತ್ತವೆ. ಇನಿಷಿಯಲ್ ಇಟ್ಟುಕೊಂಡ ನಮ್ಮವರಿಗೂ ಹೊರದೇಶದಲ್ಲಿ ಇದೇ ಪೇಚು. ಇಟಲಿಯ ತೆರಿಗೆ ಸಂಖ್ಯೆ 'ಕೋದಿಚೆ ಫಿಸ್ಕಾಲೆ'ಯಲ್ಲಿ 16 ಅಕ್ಷರ-ಅಂಕಿಗಳು. ಮೊದಲ ಮೂರು ಸರ್‌ನೇಮಿನ ವ್ಯಂಜನಗಳು, ಮುಂದಿನ ಮೂರು ಸ್ವಂತ ಹೆಸರಿನವು. 'ಅಹ್ಮದ್' ಎಂದಷ್ಟೇ ಬರೆದರೆ ಎಚ್-ಎಂ-ಡಿ ಬರುತ್ತದೆ. ಅಪ್ಪನ ಹೆಸರೂ ಸೇರಿ 'ಅಹ್ಮದ್ ಮೊಹಮದ್' ಆದರೆ ಮೂರಕ್ಕಿಂತ ಹೆಚ್ಚು ವ್ಯಂಜನ, ಆಗ ಒಂದು, ಮೂರು, ನಾಲ್ಕನೆಯದನ್ನು ಮಾತ್ರ ಹಿಡಿಯುತ್ತಾರೆ: ಎಚ್-ಡಿ-ಎಂ. ಒಬ್ಬನೇ ಮನುಷ್ಯ, ಎರಡು ಸಂಖ್ಯೆ! ಸಂಬಳದಿಂದ ಕಟ್ಟುವ ಪಿಂಚಣಿ ವಂತಿಗೆ ಒಂದರಲ್ಲಿ, ಬ್ಯಾಂಕ್ ಖಾತೆ ಇನ್ನೊಂದರಲ್ಲಿ ಕೂರುತ್ತದೆ. ಹಾಗಾಗಿ ಪಾಸ್‌ಪೋರ್ಟಿನ ಕಾಗುಣಿತವನ್ನೇ ಮೊದಲ ದಿನದಿಂದ ಎಲ್ಲ ಕಡೆ ಹಾಗೆಹಾಗೇ ಬರೆಸಬೇಕು. ಮದುವೆ, ಜನನ ಪತ್ರಗಳ ಅನುವಾದದಲ್ಲೂ ಅದೇ ಇರಬೇಕು, ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅರ್ಜಿ ಅಲ್ಲೇ ನಿಲ್ಲುತ್ತದೆ.

ಕೆಲಸದ ವೀಸಾದಲ್ಲಿ ಬಂದವರು 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯನ್ನು ಅಂಚೆ ಕಚೇರಿಯ ಮೂಲಕ ಕಳಿಸಬೇಕು, ಅದಕ್ಕೆ 16 ಯೂರೋ ಸ್ಟಾಂಪ್ ಹಚ್ಚಬೇಕು. ಕಾರ್ಡ್ ಬರುವವರೆಗೆ ಅಂಚೆಯ ರಸೀದಿಯೇ ದಾಖಲೆ, ಕಳೆಯಬೇಡಿ.

ಇನ್ನು ಮನೆ. ಮಾಲೀಕ ಬಾಡಿಗೆ ಕರಾರನ್ನು ನೋಂದಾಯಿಸದಿದ್ದರೆ ನಗರಸಭೆಯ ನಿವಾಸಿ ಪಟ್ಟಿಯಲ್ಲಿ ಹೆಸರು ಸೇರಿಸುವುದು ಕಷ್ಟ. ಇದು ನನಗೆ ತುಂಬಾ ಅನ್ಯಾಯವೆನಿಸುವ ವಿಷಯ: ಪೌರತ್ವಕ್ಕೆ ಈ ಪಟ್ಟಿಯ ಲೆಕ್ಕದಲ್ಲಿ 10 ವರ್ಷ ಬಿಡುವಿಲ್ಲದ ವಾಸ ಬೇಕು, ಮಾಲೀಕ ತಪ್ಪಿಸಿಕೊಂಡ ತೆರಿಗೆಗೆ ಬಾಡಿಗೆದಾರ ತನ್ನ ವರ್ಷಗಳನ್ನು ಕಳೆದುಕೊಳ್ಳುತ್ತಾನೆ. ಬಾಡಿಗೆ 50 ಯೂರೋ ಜಾಸ್ತಿಯಾದರೂ ಕರಾರು ಇರುವ ಕೋಣೆಯನ್ನೇ ಹಿಡಿಯುವುದು ಮೇಲು.

ಅಪ್ಪ ಅಮ್ಮ ಜೊತೆಗಿಲ್ಲದೆ ಒಂಟಿಯಾಗಿ ಬಂದ, 18 ತುಂಬದ ಹುಡುಗರ ಪಾಡು ಬೇರೆ. 2017ರ 47ನೇ ಕಾನೂನು ಅವರನ್ನು ಗಡಿಯಿಂದ ಹಿಂದಕ್ಕೆ ಅಟ್ಟದಂತೆ ಕಾಯುತ್ತದೆ. ಆದರೆ ದೋಣಿಯಲ್ಲಿ ಸಮುದ್ರ ದಾಟಲು ಮಾಡಿದ ಸಾಲ ತೀರಿಸಲು ಆಶ್ರಯತಾಣ ಬಿಟ್ಟು ಲೆಕ್ಕವಿಲ್ಲದ ಕೂಲಿಗೆ ಹೋದವರ ಬಳಿ 18 ತುಂಬಿದಾಗ ತೋರಿಸಲು ಶಾಲೆಯ ಪತ್ರವೂ ಇಲ್ಲ, ಕೆಲಸದ ಕರಾರೂ ಇಲ್ಲ. ಓದು ಮುಂದುವರಿಸಿದವರಿಗೆ ಬಾಲನ್ಯಾಯಾಲಯ 21ರವರೆಗೂ ಆಸರೆ ಕೊಡಬಹುದು. ಅದನ್ನು 18 ತುಂಬುವ ಮೊದಲೇ ಕೇಳಿಕೊಳ್ಳಬೇಕು.