ಎಫ್ ಕೀ ಹೋದ್ರ ಒತ್ತಕ್ಷರನೂ ಹೋತು

ಪ್ರಶ್ನೆ: ಅಣ್ಣಾರ ನಮಸ್ಕಾರ್ರಿ. ಮನ್ಯಾಗ ಕುಂತು ಲಗ್ನಪತ್ರಿಕೆ, ಅರ್ಜಿ, ಬಾಂಡ್ ಟೈಪ್ ಮಾಡಿ ಕೊಡ್ತೀನ್ರಿ. ಲ್ಯಾಪ್‌ಟಾಪ್ ತಗೊಂಡು 9 ವರ್ಷ ಆತು. ಮದ್ಲ ಎಫ್ ಕೀ ಜೋರಾಗಿ ಒತ್ತಿದ್ರ ಅಷ್ಟ ಬರ್ತಿತ್ತು, ಈಗ ಎಫ್, ಆರ್, ವಿ, 4 ನಾಕೂ ಬರವಲ್ವು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಾಗ ‘ವಧು-ವರ’ ಅಂತ ಹೊಡದ್ರ ‘ಧು-’ ಅಷ್ಟ ಮೂಡತೈತಿ. ಅಂಗಡ್ಯಾಗ ತೋರಿಸಿದ್ರ ಮದರ್‌ಬೋರ್ಡ್ ಹೋಗೈತಿ, ಹೊಸಾದು ತಗೋರಿ ಅಂದ್ರು. ಲಗ್ನದ ಸೀಸನ್ ಮುಗಿಯೋತನ ಅಷ್ಟು ರೊಕ್ಕ ಹೊಂದ್ಸಾಕ ಆಗಂಗಿಲ್ರಿ, ಏನ್ ಮಾಡ್ಲಿ?
— ಒಬ್ಬ ಓದುಗಿ, ಗಂಗಾವತಿ

ಉತ್ತರ: ಅಕ್ಕಾರ, ಹೊಸಾದರ ಮಾತು ಸದ್ಯ ಬದಿಗಿಡ್ರಿ. ನೀವು ಬರದ ಆ ‘ಧು-’ ನೋಡಿ ನಂಗ ಭಾಳ ಸಂಕಟ ಆತು, ಯಾಕಂದ್ರ ನುಡಿಯಾಗ ನಾವು ಬಳಸೋ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬರೇ 26 ಕೀಯಾಗ ಇಡೀ ಕನ್ನಡ ಕುಂದ್ರಿಸೈತಿ, ಅದ್ರಾಗ ಎಫ್ ಅಂದ್ರ ಒತ್ತು ಕೂಡಿಸೋ ಕೀ, ಅದು ಹೋದ್ರ ಅಕ್ಕ ಅನ್ನೋದು ‘ಅಕಕ’ ಆಗತೈತಿ, ಅಣ್ಣ ‘ಅಣಣ’ ಆಗತೈತಿ. ಕನ್ನಡ ಟೈಪ್ ಮಾಡೋರಿಗೆ ಅದಿಲ್ದ ಒಂದು ಸಾಲೂ ಮುಂದ ಹೋಗಂಗಿಲ್ಲ.

ಈಗ ನಾಕು ಕೀ ಒಮ್ಮೆಲೆ ಯಾಕ ಹೋದ್ವು ಅಂತ ಕೇಳ್ರಿ. ಕೀಬೋರ್ಡಿನಾಗ ಒಂದೊಂದು ಕೀಗೂ ಬ್ಯಾರೆ ಬ್ಯಾರೆ ವೈರ್ ಇರಂಗಿಲ್ಲ, ನಮ್ಮ ಕೊಪ್ಪಳದ ಹತ್ರ ಭಾಗ್ಯನಗರದ ಮಗ್ಗ ನೋಡಿರಬೇಕಲ್ಲ, ಅಲ್ಲಿ ಹಾಸು ಹೊಕ್ಕು ಇದ್ದಂಗ ಒಳಗ ತೆಳು ಪ್ಲಾಸ್ಟಿಕ್ ಹಾಳೆ ಮ್ಯಾಲ ಉದ್ದಕ್ಕೊಂದಿಷ್ಟು ಗೆರಿ ಅಡ್ಡಕ್ಕೊಂದಿಷ್ಟು ಗೆರಿ ಇರತಾವ, ಕೀ ಒತ್ತಿದಾಗ ಎರಡು ಗೆರಿ ಒಂದಕ್ಕೊಂದು ತಾಗಿ ಯಾವ ಅಕ್ಷರ ಅಂತ ಗೊತ್ತಾಗತೈತಿ. ಒಂದು ಎಳಿ ಹರದ್ರ ಆ ಎಳಿ ಮ್ಯಾಲಿನ ಕೀ ಎಲ್ಲಾ ಸುಮ್ನಾಗತಾವ. ನಿಮ್ಮ ನಾಕೂ ಕೀ ಒಂದ ಕಡೆ ಗುಂಪಾಗಿ ಅದಾವ, ಒಂದ ಗೆರಿದು ಇರಬೇಕು. ನಿಮ್ಮೂರಿನ ರೈಸ್ ಮಿಲ್ಲಿನ ಹೊಟ್ಟಿನ ಧೂಳು ಬಿದ್ದಿದ್ರ ಸಾಮಾನ್ಯವಾಗಿ ಒಂದೋ ಎರಡೋ ಕೀ ಬಿಗಿಯಾಗತಿದ್ವು, ಹಿಂಗ ನಾಕು ಒಟ್ಟಿಗೆ ಹೋಗತಿರಲಿಲ್ಲ.

ಮದ್ಲ ಲಗ್ನಪತ್ರಿಕೆ ಫೈಲ್ ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೋರಿ, ಇದನ್ನ ಇವತ್ತ ಮಾಡ್ರಿ. ಆಮ್ಯಾಲ ನುಡಿ ಬಂದ್ ಮಾಡಿ ನೋಟ್‌ಪ್ಯಾಡ್ ತೆಗದು ವಿಂಡೋಸ್, ಕಂಟ್ರೋಲ್, ಓ ಮೂರೂ ಒಟ್ಟಿಗೆ ಒತ್ರಿ, ಪರದೆ ಮ್ಯಾಲ ಕೀಬೋರ್ಡ್ ಬರತೈತಿ, ಮೌಸಿನಿಂದ ಎಫ್ ಒತ್ತಿದಾಗ ಅಕ್ಷರ ಮೂಡಿದ್ರ ಸಾಫ್ಟ್‌ವೇರ್ ಚೊಲೋ ಐತಿ ಅಂತ ಲೆಕ್ಕ. ಯಾರದಾದ್ರೂ ಒಂದು ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿ ನೋಡ್ರಿ, ಅದ್ರಾಗ ಎಲ್ಲಾ ಸರಿ ಬಂದ್ರ ತೊಂದ್ರಿ ಬಹುತೇಕ ಒಳಗಿನ ಕೀಬೋರ್ಡಿಂದು ಇಲ್ಲಾ ಅದನ್ನ ಮದರ್‌ಬೋರ್ಡಿಗೆ ಕೂಡಿಸೋ ಪಟ್ಟಿಯಂಥ ರಿಬ್ಬನ್ ಕೇಬಲ್‌ದು. ಇಷ್ಟೂ ನೋಡ್ದ ಮದರ್‌ಬೋರ್ಡ್ ಹೋಗೈತಿ ಅಂದವರ ಮಾತು ನಂಬಬ್ಯಾಡ್ರಿ, ಇನ್ನೊಂದು ಕಡೆ ತೋರಿಸ್ರಿ.

ಅಲ್ಲಿ ಎದುರಿಗೇ ಕುಂತು, ಬ್ಯಾಟರಿ ಬಿಚ್ಚಿ ರಿಬ್ಬನ್ ಕೇಬಲ್ ಒಮ್ಮೆ ತೆಗದು ಒರಸಿ ಹಾಕ್ರಿ ಅಂತ ಹೇಳ್ರಿ. ಸಡಿಲ ಆಗಿದ್ರ ಅಷ್ಟಕ್ಕ ಸರಿ ಹೋಗಬೌದು. ಇದನ್ನ ಮನ್ಯಾಗ ನೀವ ಮಾಡಾಕ ಹೋಗಬ್ಯಾಡ್ರಿ, ಕೇಬಲ್ ಹಿಡಿಯೋ ಸಣ್ಣ ಪಟ್ಟಿ ಉಗುರು ತಾಗಿದ್ರೂ ಮುರೀತೈತಿ. ಕೀಬೋರ್ಡ್ ಬದ್ಲಿ ಮಾಡಬೇಕಂದ್ರ ಕೆಲವು ಮಾಡಲ್‌ದಾಗ ನಾಕೈದು ಸ್ಕ್ರೂ ಬಿಚ್ಚಿದ್ರ ಬರತೈತಿ, ಕೆಲವ್ರದಾಗ ಸಿ ಪ್ಯಾನಲ್ಲಿಗೇ ಕೂಡಿಸಿರತಾರ, ಅಂದ್ರ ಕೈ ಇಡೋ ಮೇಲ್ಭಾಗ ಪೂರ್ತಿ ಬದ್ಲಿ ಮಾಡಬೇಕಾಗತೈತಿ, ಖರ್ಚು ಹೆಚ್ಚು, ಅದಕ್ಕ ಕೆಳಗಿನ ಸ್ಟಿಕ್ಕರಿನ ಮಾಡಲ್ ನಂಬರ್ ಕೊಟ್ಟು ರೇಟ್ ಮೊದ್ಲ ಕೇಳ್ರಿ. ಹಂಗ ತೆಗದಾಗ ಬ್ಯಾಟರಿ ಉಬ್ಬೈತೇನು ಅಂತ ನೋಡಾಕ ಹೇಳ್ರಿ. ಉಬ್ಬಿದ ಬ್ಯಾಟರಿ ಕೆಳಗಿಂದ ಕೀಬೋರ್ಡ್, ಟಚ್‌ಪ್ಯಾಡ್ ಎತ್ತತೈತಿ, ಅದು ಬೆಂಕಿಗೂ ಕಾರಣ ಆಗಬೌದು, ಹಂಗಿದ್ರ ಲ್ಯಾಪ್‌ಟಾಪ್ ಆನ್ ಮಾಡಬ್ಯಾಡ್ರಿ.

ನಾನಾಗಿದ್ರ ಈ ಸೀಸನ್ 500 ರೂಪಾಯಿ ಒಳಗಿನ ಯುಎಸ್‌ಬಿ ಕೀಬೋರ್ಡ್ ಮ್ಯಾಲ ಕಳೀತಿದ್ದೆ. ದಿನಾ ಟೈಪ್ ಮಾಡೋ ಕೈಗೆ ಅದ ಚೊಲೋ, ಲ್ಯಾಪ್‌ಟಾಪ್ ಹಿಂದ ಸರಿಸಿ ಎತ್ತರಕ್ಕಿಟ್ರ ಕುತ್ತಿಗಿ ಬಗ್ಗಿಸೋದೂ ತಪ್ಪತೈತಿ. ಒಂದ ಕೀ ಹೋದವ್ರು ಶಾರ್ಪ್‌ಕೀಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಕ್ಯಾಪ್ಸ್ ಲಾಕ್ ಕೀಯನ್ನ ಎಫ್ ಮಾಡ್ಕೋಬೌದು, ರೀಸ್ಟಾರ್ಟ್ ಆದ ಮ್ಯಾಲ ಕೆಲಸ ಮಾಡತೈತಿ. ನಿಮ್ಮಂಗ ನಾಕು ಹೋದ್ರ ಅದು ಸಾಲಂಗಿಲ್ಲ.

ಪ್ರಶ್ನೆ: ನಿನ್ನೆ ರಾತ್ರಿ ಲ್ಯಾಪ್‌ಟಾಪ್ ಕೀಬೋರ್ಡ್ ಮ್ಯಾಲ ಚಹಾ ಚೆಲ್ಲೈತ್ರಿ. ಅಪ್ಪಾಜಿ ಅಕ್ಕಿ ಡಬ್ಬ್ಯಾಗ ಇಡು ಅಂತಾರ, ಇಡ್ಲ್ಯಾ?
— ಒಬ್ಬ ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ಇಡಬ್ಯಾಡಪ್ಪ. ಅಕ್ಕಿ ಒಳಗಿನ ಚಹಾ ಹೀರಂಗಿಲ್ಲ, ಅದರ ಹಿಟ್ಟಿನ ಧೂಳು ಸಂದಿಯಾಗ ಹೋಗಿ ಕುಂದರತೈತಿ. ಚಾರ್ಜರ್ ತೆಗದು ಪೂರ್ತಿ ಆಫ್ ಮಾಡು, ಬ್ಯಾಟರಿ ಬಿಚ್ಚಾಕ ಬರೋದಿದ್ರ ಬಿಚ್ಚು, ಕೀಬೋರ್ಡ್ ಕೆಳಗ ಮುಖ ಮಾಡಿ ಗುಡಾರದಂಗ ನಿಲ್ಸು. ಹೇರ್ ಡ್ರೈಯರ್ ಹಿಡೀಬ್ಯಾಡ. ಚಹಾದಾಗ ಸಕ್ರಿ ಹಾಲು ಇರತಾವ, ನೀರು ಆರಿದ್ರೂ ಅವು ಅಂಟಿಕೊಂಡು ಒಳಗಿನ ಗೆರಿ ತಿಂತಾವ, ಅದಕ್ಕ ಅಂಗಡ್ಯಾಗ ಬಿಚ್ಚಿಸಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರಸಿಸು. ಅಲ್ಲಿತನ ಆನ್ ಆಗತೈತೇನು ಅಂತ ಒಮ್ಮೆನೂ ಒತ್ತಿ ನೋಡಬ್ಯಾಡ.