ಓದುಗರ ಪ್ರಶ್ನೆ: ಆಲ್ಡ್‌ಬರೊ ಎಂಬ ಕಡಲೂರಿನ ಸಂಗೀತೋತ್ಸವ

ಪ್ರಶ್ನೆ: ಇಂಗ್ಲೆಂಡಿನ ಆಲ್ಡ್‌ಬರೊ ಎಂಬ ಸಣ್ಣ ಊರಿನಲ್ಲಿ ಪ್ರತಿವರ್ಷ ಬೇಸಿಗೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಉತ್ಸವ ನಡೆಯುತ್ತದೆಂದು ಓದಿದೆ. ಲಂಡನ್ನಿನಂಥ ನಗರವಿರುವಾಗ ಇಂಥ ಊರನ್ನು ಯಾರು, ಏಕೆ ಆರಿಸಿಕೊಂಡರು?
– ಓದುಗರೊಬ್ಬರು, ಸಾಗರ

ಉತ್ತರ: ಆಲ್ಡ್‌ಬರೊ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತ್ಯದಲ್ಲಿ. ಮೀನುಗಾರರ ಊರು; ಎದುರಿಗೆ ಉತ್ತರ ಸಮುದ್ರ, ದಡದಲ್ಲಿ ಮರಳಿನ ಬದಲು ನುಣುಪಾದ ಬೆಣಚುಕಲ್ಲು. ಕಡಲು ಈ ಊರನ್ನು ಶತಮಾನಗಳಿಂದ ನುಂಗುತ್ತ ಬಂದಿದೆ. ಒಂದು ಕಾಲಕ್ಕೆ ಊರ ನಡುವೆ ಇದ್ದ 16ನೇ ಶತಮಾನದ ಸಭಾಭವನ ಇಂದು ಕಡಲ ಅಂಚಿಗೇ ಬಂದು ನಿಂತಿದೆ.

ಉತ್ಸವವನ್ನು ಆರಂಭಿಸಿದವರು ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್, ಅವರ ಬಾಳಸಂಗಾತಿಯಾಗಿದ್ದ ಗಾಯಕ ಪೀಟರ್ ಪಿಯರ್ಸ್ ಮತ್ತು ನಾಟಕ ನಿರ್ದೇಶಕ ಎರಿಕ್ ಕ್ರೋಜಿಯರ್. ಬ್ರಿಟನ್ ಹುಟ್ಟಿದ್ದು 1913ರಲ್ಲಿ, ಇದೇ ಕರಾವಳಿಯ ಲೋಸ್ಟಾಫ್ಟ್ ಪಟ್ಟಣದಲ್ಲಿ. ಯುದ್ಧವಿರೋಧಿಗಳಾಗಿದ್ದ ಬ್ರಿಟನ್ ಮತ್ತು ಪಿಯರ್ಸ್ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದರು. 1941ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದಾಗ, ಆಲ್ಡ್‌ಬರೊದಲ್ಲೇ ಹುಟ್ಟಿದ್ದ ಹದಿನೆಂಟನೇ ಶತಮಾನದ ಕವಿ ಜಾರ್ಜ್ ಕ್ರ್ಯಾಬ್‌ನನ್ನು ಕುರಿತು ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಬರೆದ ಲೇಖನವೊಂದು ಬ್ರಿಟನ್ ಅವರ ಕಣ್ಣಿಗೆ ಬಿತ್ತು. ತಾನು ಯಾವ ನೆಲದವನೆಂಬುದು ಅವರಿಗೆ ಆಗ ಮನವರಿಕೆಯಾಯಿತು. ಮರುವರ್ಷವೇ ಇಬ್ಬರೂ ತಾಯ್ನಾಡಿಗೆ ಮರಳಿದರು. ಕ್ರ್ಯಾಬ್‌ನ ಕಾವ್ಯದ ಮೀನುಗಾರನೊಬ್ಬನ ಕಥೆಯೇ 1945ರ ಜೂನ್ 7ರಂದು ಲಂಡನ್ನಿನಲ್ಲಿ ‘ಪೀಟರ್ ಗ್ರೈಮ್ಸ್’ ಎಂಬ ಒಪೆರಾ (ಹಾಡಿನಲ್ಲೇ ಕಥೆ ಸಾಗುವ ನಾಟಕ) ಆಗಿ ರಂಗಕ್ಕೆ ಬಂದು ಬ್ರಿಟನ್ ಅವರನ್ನು ಪ್ರಸಿದ್ಧರನ್ನಾಗಿಸಿತು.

1947ರಲ್ಲಿ ಈ ಗೆಳೆಯರು ತಮ್ಮದೇ ಚಿಕ್ಕ ಒಪೆರಾ ತಂಡ ಕಟ್ಟಿಕೊಂಡು ಯುರೋಪಿನಲ್ಲಿ ಸಂಚರಿಸುತ್ತಿದ್ದರು. ವಿದೇಶದಲ್ಲಿ ಮನ್ನಣೆ ಸಿಗುತ್ತಿತ್ತಾದರೂ ಖರ್ಚು ಕೈ ಮೀರುತ್ತಿತ್ತು. ಹೀಗೆ ಊರೂರು ಅಲೆಯುವ ಬದಲು ನಮ್ಮ ಊರಿನಲ್ಲೇ ಒಂದು ಉತ್ಸವವನ್ನು ಏಕೆ ಮಾಡಬಾರದು ಎಂದು ಸ್ವಿಟ್ಜರ್ಲೆಂಡಿನ ದಾರಿಯಲ್ಲಿ ಕೇಳಿದವರು ಪಿಯರ್ಸ್. 1948ರ ಜೂನ್ 5ರಿಂದ 13ರವರೆಗೆ ಮೊದಲ ಉತ್ಸವ ನಡೆಯಿತು. ಹಳೆಯ ಆ ಲೇಖನದ ಕರ್ತೃ ಫಾರ್ಸ್ಟರ್ ಅವರೇ ಬಂದು ಕ್ರ್ಯಾಬ್ ಕುರಿತು ಉಪನ್ಯಾಸ ಕೊಟ್ಟರು.

ಪ್ರಶ್ನೆ: ಅಷ್ಟು ಸಣ್ಣ ಊರಿನಲ್ಲಿ ರಂಗಮಂದಿರವಾದರೂ ಎಲ್ಲಿತ್ತು? ಊರಿನ ಜನರ ಪಾತ್ರವೇನು, ಅಥವಾ ಅವರು ಕೇವಲ ಶ್ರೋತೃಗಳೇ?
– ಸಂಗೀತ ಶಿಕ್ಷಕಿಯೊಬ್ಬರು, ಧಾರವಾಡ

ಉತ್ತರ: ಈ ಉತ್ಸವದ ಜೀವಾಳವೇ ನಿಮ್ಮ ಪ್ರಶ್ನೆಯಲ್ಲಿದೆ. ಅಲ್ಲಿ ಇದ್ದದ್ದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿನ ಜುಬಿಲಿ ಹಾಲ್, ಮುನ್ನೂರರಷ್ಟು ಜನ ಹಿಡಿಸುವ ಒಂದು ಸಾಧಾರಣ ಸಭಾಂಗಣ. ಅದನ್ನು ಬಿಟ್ಟರೆ ಊರಿನ ಚರ್ಚು. ದೊಡ್ಡ ವಾದ್ಯವೃಂದಕ್ಕೆ ಅಲ್ಲಿ ಕೂರುವುದಕ್ಕೂ ಜಾಗವಿರಲಿಲ್ಲ. ಬ್ರಿಟನ್ ಇದನ್ನು ಕೊರತೆಯೆಂದು ಎಣಿಸದೆ, ಹನ್ನೆರಡು–ಹದಿಮೂರು ವಾದ್ಯಗಾರರು ಸಾಕಾಗುವಂಥ ಒಪೆರಾಗಳನ್ನು ಬರೆದರು. ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಆಧರಿಸಿದ ಅವರ ಒಪೆರಾ ಕೂಡ 1960ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಇದೇ ಜುಬಿಲಿ ಹಾಲಿನಲ್ಲಿ.

ಊರಿನವರು ಬರೀ ಶ್ರೋತೃಗಳಾಗಿ ಉಳಿಯಲೇ ಇಲ್ಲ. ಮೊದಲ ಉತ್ಸವದಲ್ಲಿ ಹಾಡಲ್ಪಟ್ಟ ‘ಸೇಂಟ್ ನಿಕೊಲಸ್’ ಕೃತಿಯಲ್ಲಿ ಚರ್ಚಿನಲ್ಲಿ ಕುಳಿತ ಜನರೇ ಎದ್ದು ನಿಂತು ಹಾಡುವ ಸ್ತುತಿಗೀತೆಗಳಿವೆ. ಮರುವರ್ಷ ಮಕ್ಕಳಿಗಾಗಿ ಬಂದ ಒಪೆರಾದಲ್ಲಿ ಪ್ರೇಕ್ಷಕರು ಹಾಡುಗಳನ್ನು ಅಲ್ಲೇ ಕಲಿತು ಅಲ್ಲೇ ಹಾಡಬೇಕಾಗಿತ್ತು. ಇವೆಲ್ಲಕ್ಕಿಂತ ನನಗೆ ಮಿಗಿಲೆನಿಸುವುದು 1958ರ ‘ನೋಯೆಸ್ ಫ್ಲಡ್’, ಅಂದರೆ ಬೈಬಲ್ಲಿನ ನೋಹನ ನಾವೆ ಮತ್ತು ಜಲಪ್ರಳಯದ ಕಥೆ. ಪಕ್ಕದ ಆರ್ಫರ್ಡ್ ಗ್ರಾಮದ ಚರ್ಚಿನಲ್ಲಿ ಆ ವರ್ಷದ ಜೂನ್ 18ರಂದು ನಡೆದ ಈ ಪ್ರಯೋಗದಲ್ಲಿ ದೊಡ್ಡವರ ಪಾತ್ರಗಳು ಬೆರಳೆಣಿಕೆಯಷ್ಟು; ಪ್ರಾಣಿಗಳಾಗಿ ನಾವೆ ಹತ್ತಿದವರೂ, ಪಿಟೀಲು ಮತ್ತು ರೆಕಾರ್ಡರ್ ಕೊಳಲು ನುಡಿಸಿದವರೂ ಸುತ್ತಮುತ್ತಲಿನ ಶಾಲೆಗಳ ಮಕ್ಕಳು. ಮಳೆಯ ಮೊದಲ ಹನಿಗಳ ನಾದ ಹೇಗಿರಬೇಕೆಂದು ಬ್ರಿಟನ್ ತಡಕಾಡುತ್ತಿದ್ದಾಗ ಸಹಾಯಕಿ ಇಮೋಜೆನ್ ಹೋಲ್ಸ್ಟ್ ಬ್ರಿಟನ್ ಅವರನ್ನು ತಮ್ಮ ಅಡುಗೆಮನೆಗೆ ಕರೆದೊಯ್ದು ಪಿಂಗಾಣಿಯ ಮಗ್ಗುಗಳನ್ನು ತೋರಿಸಿದರು. ಬೇರೆ ಬೇರೆ ಗಾತ್ರದ ಮಗ್ಗುಗಳನ್ನು ಹಿಡಿಕೆಯಿಂದ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಮರದ ಚಮಚದಿಂದ ತಟ್ಟಿದಾಗ ಹೊರಟ ‘ಟಿಣ್, ಟಿಣ್’ ಸದ್ದು ಪ್ರಳಯದ ಮೊದಲ ಹನಿಯಾಯಿತು. ನಮ್ಮ ಜಲತರಂಗವನ್ನು ಕೇಳಿದವರಿಗೆ ಈ ಜಾಣ್ಮೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಬಿರುಗಾಳಿ ಜೋರಾದಾಗ ಸಭೆಯೆಲ್ಲ ಸೇರಿ ಹಾಡುವುದು ಕಡಲಿಗಿಳಿದವರ ರಕ್ಷಣೆಗಾಗಿ ಬೇಡುವ ಪ್ರಾರ್ಥನೆಯನ್ನು. ಮೀನುಗಾರರ ಕರಾವಳಿಯ ಜನ ಅದನ್ನು ಹಾಡುವಾಗ ಅದು ನಾಟಕದ ಸಾಲಾಗಿ ಉಳಿದಿರಲಾರದು.

ಪ್ರಶ್ನೆ: ಉತ್ಸವದ ಸಭಾಂಗಣ ಒಮ್ಮೆ ಸುಟ್ಟುಹೋಗಿತ್ತೆಂಬುದು ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಉತ್ಸವ ಬೆಳೆದು ಜುಬಿಲಿ ಹಾಲ್ ಸಾಲದಾದಾಗ ಕೆಲವೇ ಮೈಲಿ ದೂರದ ಸ್ನೇಪ್ ಗ್ರಾಮದಲ್ಲಿ, ನದಿಯ ದಡದ ಕಟ್ಟಡವೊಂದು ಬ್ರಿಟನ್ ಅವರ ಗಮನಕ್ಕೆ ಬಂತು. ಅದು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ತಯಾರಿಸುತ್ತಿದ್ದ ಕಾರ್ಖಾನೆಗೆ ಸೇರಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಾರ್ಖಾನೆಯನ್ನು ಕಟ್ಟಿಸಿದ ನ್ಯೂಸನ್ ಗ್ಯಾರೆಟ್ ಅವರ ಮಗಳು ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಬ್ರಿಟನ್ ದೇಶದ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರು. 1908ರಲ್ಲಿ ಆಲ್ಡ್‌ಬರೊದ ಮೇಯರ್ ಆಗಿ, ಇಂಗ್ಲೆಂಡಿನಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆಯೆನಿಸಿದವರು. ಉತ್ಸವದ ಇತಿಹಾಸದಲ್ಲಿ ಅವರಿಗೆ ನೇರ ಪಾತ್ರವಿಲ್ಲ, ಆದರೂ ಊರಿನ ಹೆಮ್ಮೆಯ ಈ ಮಗಳನ್ನು ಹೆಸರಿಸದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

1965ರಲ್ಲಿ ಕಾರ್ಖಾನೆ ಮುಚ್ಚಿತು. ಇಟ್ಟಿಗೆಯ ಗೋಡೆ, ಮರದ ಚಾವಣಿಗಳಿಂದ ಅತ್ಯುತ್ತಮವಾಗಿ ನಾದ ಹೊಮ್ಮುವ ಸಭಾಂಗಣವನ್ನು ಅಲ್ಲಿ ರೂಪಿಸಿ, 1967ರಲ್ಲಿ ಎಲಿಜಬೆತ್ ರಾಣಿಯಿಂದ ಉದ್ಘಾಟನೆ ಮಾಡಿಸಲಾಯಿತು. ಎರಡೇ ವರ್ಷಗಳ ನಂತರ, 1969ರ ಜೂನ್ 7ರ ರಾತ್ರಿ, ಉತ್ಸವದ ಮೊದಲ ದಿನದ ಕಛೇರಿ ಮುಗಿದ ಮೇಲೆ ಬೆಂಕಿ ಬಿದ್ದು ಹೊರಗೋಡೆಗಳಷ್ಟೇ ಉಳಿದವು. ಉತ್ಸವ ಮಾತ್ರ ನಿಲ್ಲಲಿಲ್ಲ. ಅಲ್ಲಿ ನಡೆಯಬೇಕಿದ್ದ ಮೊಟ್ಸಾರ್ಟ್‌ನ ‘ಇಡೊಮೆನಿಯೊ’ ಒಪೆರಾವನ್ನು ಬ್ಲೈಬರೊ ಎಂಬ ಹಳ್ಳಿಯ ಚರ್ಚಿಗೆ ಸಾಗಿಸಿ ಪ್ರದರ್ಶಿಸಿದರು. ಮುಂದಿನ ಜೂನ್ ಬರುವಷ್ಟರಲ್ಲಿ ಸಭಾಂಗಣ ಮತ್ತೆ ಎದ್ದು ನಿಂತಿತ್ತು, ಉದ್ಘಾಟನೆಗೆ ರಾಣಿಯವರೂ ಮತ್ತೆ ಬಂದರು.

ಪ್ರಶ್ನೆ: ಈ ಉತ್ಸವಕ್ಕೂ ಭಾರತಕ್ಕೂ ಏನಾದರೂ ನಂಟಿದೆಯೇ? ಸ್ಥಾಪಕರ ನಂತರ ಅದನ್ನು ನಡೆಸುತ್ತಿರುವವರು ಯಾರು?
– ಓದುಗರೊಬ್ಬರು, ಉಡುಪಿ

ಉತ್ತರ: ನಂಟು ಗಟ್ಟಿಯಾಗಿಯೇ ಇದೆ. ಬ್ರಿಟನ್ ಮತ್ತು ಪಿಯರ್ಸ್ 1955ರ ಕೊನೆಯಲ್ಲಿ ಪೂರ್ವ ದೇಶಗಳ ಪ್ರವಾಸದಲ್ಲಿದ್ದಾಗ ಭಾರತಕ್ಕೂ ಬಂದು ದೆಹಲಿಯಲ್ಲಿ ರವಿಶಂಕರರ ಸಿತಾರ್ ಕೇಳಿದ್ದರು. ಅದೇ ಪ್ರವಾಸದಲ್ಲಿ ಟೋಕಿಯೊದಲ್ಲಿ ನೋಡಿದ, ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ಶೈಲಿಯ ನಾಟಕವೊಂದು ಎಂಟು ವರ್ಷಗಳ ನಂತರ ಆರ್ಫರ್ಡ್ ಚರ್ಚಿನಲ್ಲಿ ಬ್ರಿಟನ್ ಅವರ ‘ಕರ್ಲ್ಯೂ ರಿವರ್’ ಎಂಬ ಸಂಗೀತನಾಟಕ ಆಯಿತು.

ಇಮೋಜೆನ್ ಹೋಲ್ಸ್ಟ್ ಅವರ ನಂಟು ಇನ್ನೂ ಹಳೆಯದು. ಅವರ ತಂದೆ ಗುಸ್ಟಾವ್ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ಸಂಗೀತ ಹೊಂದಿಸಿದವರು, ಸತ್ಯವಾನ–ಸಾವಿತ್ರಿಯ ಕಥೆಯನ್ನು ಒಂದಂಕದ ಒಪೆರಾ ಆಗಿ ಬರೆದವರು. ಇಮೋಜೆನ್ ಸ್ವತಃ 1950–51ರ ಚಳಿಗಾಲದಲ್ಲಿ ಶಾಂತಿನಿಕೇತನದಲ್ಲಿದ್ದು ಭಾರತೀಯ ಸಂಗೀತವನ್ನು ಅಭ್ಯಾಸ ಮಾಡಿದರು. 1952ರಲ್ಲಿ ಆಲ್ಡ್‌ಬರೊಗೆ ಬಂದು ಬ್ರಿಟನ್ ಅವರ ಹಸ್ತಪ್ರತಿಗಳನ್ನು ತಿದ್ದಿ ಅಣಿಗೊಳಿಸುವ ಹೊಣೆ ಹೊತ್ತರು. 1956ರಿಂದ 1977ರವರೆಗೆ ಉತ್ಸವದ ಕಲಾ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಸ್ಥಾಪಕರ ಹೆಸರಿನ ಮುಂದೆ ಇವರ ಹೆಸರು ಹಿಂದೆ ಸರಿಯುವುದು ನ್ಯಾಯವಲ್ಲ. ಇಷ್ಟು ದಿನ ಕಾರ್ಯಕ್ರಮ ಹೊಂದಿಸಿದವರು, ಗಾಯಕವೃಂದಗಳನ್ನು ಪಳಗಿಸಿದವರು, ಮರೆತ ಕೃತಿಗಳನ್ನು ಹುಡುಕಿ ಹಾಡಿಸಿದವರು ಅವರು.

ಬ್ರಿಟನ್ 1976ರಲ್ಲಿ, ಇಮೋಜೆನ್ 1984ರಲ್ಲಿ, ಪಿಯರ್ಸ್ 1986ರಲ್ಲಿ ತೀರಿಕೊಂಡರು. ಯುವ ಗಾಯಕ–ವಾದಕರಿಗೆ 1970ರ ದಶಕದಲ್ಲಿ ಸ್ನೇಪ್‌ನಲ್ಲಿ ಆರಂಭವಾದ ತರಬೇತಿಯನ್ನೂ ಜೂನ್ ತಿಂಗಳ ಉತ್ಸವವನ್ನೂ ಈಗ ಇಬ್ಬರ ಹೆಸರನ್ನೂ ಹೊತ್ತ ‘ಬ್ರಿಟನ್ ಪಿಯರ್ಸ್ ಆರ್ಟ್ಸ್’ ಸಂಸ್ಥೆ ನಡೆಸುತ್ತಿದೆ. ಅವರಿಬ್ಬರು 1957ರಿಂದ ವಾಸವಾಗಿದ್ದ ‘ರೆಡ್ ಹೌಸ್’ ಮನೆಯನ್ನು ಇಂದು ಸಾರ್ವಜನಿಕರು ನೋಡಬಹುದು. ಬ್ರಿಟನ್ ಅವರ ಹಸ್ತಪ್ರತಿಗಳ ಸಂಗ್ರಹವೂ ಅಲ್ಲೇ ಇದೆ.