ಕಮ್ಯುನಿಟಿ ಕಾಲೇಜಿನ ಕ್ರೆಡಿಟ್ ಡೆಂಟಲ್ ಓದಿಗೆ ನಡೆಯುತ್ತಾ?

ಪ್ರಶ್ನೆ: ಅಣ್ಣನ ಮಗಳು ಅಮೆರಿಕದಲ್ಲಿದ್ದಾಳೆ. ಫೀಸು ಕಡಿಮೆ ಅಂತ ಕಮ್ಯುನಿಟಿ ಕಾಲೇಜು (ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿ ಸೇರಬಹುದಾದ ಕಾಲೇಜು) ಸೇರಿದ್ದಾಳೆ. ಮುಂದೆ ಡೆಂಟಲ್ ಓದಬೇಕಂತೆ. ಇಲ್ಲಿ ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್ ಅದಕ್ಕೆ ಲೆಕ್ಕಕ್ಕೆ ಬರುತ್ತಾ?
– ಓದುಗರು, ವಿಜಯಪುರ

ಉತ್ತರ: ಬಹಳ ಕಡೆ ಬರುತ್ತದೆ, ಗಾಬರಿ ಬೇಡ. ಆದರೆ ಎಲ್ಲ ಕಡೆ ಒಂದೇ ನಿಯಮ ಇಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ ಮಕ್ಕಳು ಪಿಯುಸಿ ಆದ ಮೇಲೆ ನೀಟ್ ಬರೆದು ಸೀದಾ ಬಿಡಿಎಸ್ ಸೇರುತ್ತಾರಲ್ಲ, ಅಲ್ಲಿ ಹಾಗಲ್ಲ, ಹೆಚ್ಚಿನವರು ಮೊದಲು 4 ವರ್ಷದ ಡಿಗ್ರಿ ಮಾಡಿ, ಡಿಎಟಿ ಎಂಬ ಡೆಂಟಲ್ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ಮತ್ತೆ 4 ವರ್ಷ ಡೆಂಟಲ್ ಓದುತ್ತಾರೆ. ಕೆಲವು ಡೆಂಟಲ್ ಕಾಲೇಜುಗಳು ಕಮ್ಯುನಿಟಿ ಕಾಲೇಜಿನ ಕ್ರೆಡಿಟ್‌ಗೆ ಮಿತಿ ಹಾಕುತ್ತವೆ. ಇನ್ನು ಕೆಲವಕ್ಕೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಯೂನಿವರ್ಸಿಟಿಯಲ್ಲೇ ಓದಿದ್ದರೆ ಇಷ್ಟ. ನನ್ನ ಕೇಳಿದರೆ, ಶುರುವಿನ ಕೆಮಿಸ್ಟ್ರಿ ಈಗಲೇ ಮುಗಿಸಲಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿಯಂಥ ಗಟ್ಟಿ ವಿಷಯ ಯೂನಿವರ್ಸಿಟಿಗೆ ಹೋದ ಮೇಲೆ ತೆಗೆದುಕೊಳ್ಳಲಿ.

ಇನ್ನೊಂದು ಮಾತು, ಇದು ಜಾಸ್ತಿ ಮುಖ್ಯ. ಅಲ್ಲಿನ ಬಹುತೇಕ ಡೆಂಟಲ್ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಡ್ಸಾಸ್ (AADSAS) ಎಂಬ ಒಂದೇ ಕೇಂದ್ರೀಯ ಅರ್ಜಿ ವ್ಯವಸ್ಥೆಯ ಮೂಲಕ. ಓದಿದ ಪ್ರತಿ ಕಾಲೇಜಿನ ಅಂಕಪಟ್ಟಿ ಅದಕ್ಕೆ ಕೊಡಲೇಬೇಕು. ಒಂದು ವಿಷಯದಲ್ಲಿ ಕಡಿಮೆ ಬಂತು ಅಂತ ಮತ್ತೆ ಓದಿದರೂ ಹಳೆಯ ಗ್ರೇಡ್ ಅಳಿಸಿ ಹೋಗುವುದಿಲ್ಲ, ಎರಡೂ ಸೇರಿಯೇ ಸರಾಸರಿ ಹಾಕುತ್ತಾರೆ. ಸುಮ್ನೆ ಕಾಯಬೇಡಿ, ಅವಳಿಗೆ ಬೇಕಾದ ನಾಲ್ಕೈದು ಕಾಲೇಜುಗಳ ನಿಯಮ ಈಗಲೇ ನೋಡಿಕೊಳ್ಳಲು ಹೇಳಿ.